ವಿಂಡೋಸ್ 11ಕ್ಕೆ ಹಳೇ ಕ್ವಿಕ್‌ಟೈಮ್ ಹಾಕೋದು ಬೇಕಾ?

ಸಿಡಿಪೆಟ್ಟಿಗೆ: 2002ರ ಸಿಡಿಯಲ್ಲಿ 320×240ರ ಎಂಒವಿ (.mov) ವಿಡಿಯೊ ಫೈಲುಗಳಿವೆ. ವಿಂಡೋಸ್‌ನ ಪ್ಲೇಯರ್ ತೆರೆಯಲ್ಲ. ಆಪಲ್‌ನ ಹಳೇ ವಿಡಿಯೊ ಪ್ಲೇಯರ್ ಕ್ವಿಕ್‌ಟೈಮ್ 7.7.9 ಹಾಕಲಾ?

ಬೈಟ್‌ಬಸವ: ಬೇಡ ಗುರು. ವಿಂಡೋಸ್ ಕ್ವಿಕ್‌ಟೈಮನ್ನು ಆಪಲ್ 2016ರಲ್ಲೇ ಕೈಬಿಟ್ಟಿದೆ. ಆ ಏಪ್ರಿಲ್‌ನಲ್ಲಿ ಎರಡು ಭದ್ರತಾ ತೂತು ಬಯಲಾದವು, ತೇಪೆ ಬರಲೇ ಇಲ್ಲ. ತೆಗೆದುಹಾಕಿ ಅಂತ ಅಮೆರಿಕ ಸರ್ಕಾರದ ಸೈಬರ್ ತಂಡವೇ ಹೇಳಿತು. ಉಚಿತ ಪ್ಲೇಯರ್ ವಿಎಲ್‌ಸಿ ಸಾಕು.

ಫ್ರೇಮ್‌ಲೆಕ್ಕ: ಎಂಒವಿ ಬರೀ ಡಬ್ಬಿ, ಒಳಗೇನಿದೆ ನೋಡಿ. ವಿಎಲ್‌ಸಿಯಲ್ಲಿ ಓಡಿಸಿ ಕಂಟ್ರೋಲ್ ಜೊತೆ ಜೆ ಒತ್ತಿ. ಎಸ್‌ವಿಕ್ಯೂ3 ಅಂತಿದ್ರೆ ಸೊರೆನ್ಸನ್ 3, ಸಿವಿಐಡಿ ಅಂದ್ರೆ ಸಿನೆಪ್ಯಾಕ್; ಎರಡೂ ವಿಡಿಯೊ ಕುಗ್ಗಿಸಿ ಬಿಚ್ಚೋ ಹಳೇ ವಿಧಾನಗಳು (ಕೋಡೆಕ್). ಎರಡಕ್ಕೂ ವಿಎಲ್‌ಸಿ ಬಳಸೋ ಎಫ್‌ಎಫ್‌ಎಂಪೆಗ್‌ನಲ್ಲಿ ಸ್ವಂತ ಡಿಕೋಡರ್ ಇದೆ, ಆಪಲ್‌ನ ಒಂದು ಡಿಎಲ್‌ಎಲ್ಲೂ ಬೇಡ.

ಹಳೇಮೌಸ್: ಎಲ್ಲದಕ್ಕೂ ವಿಎಲ್‌ಸಿ ಅಂದ್ರೆ ಒಪ್ಪಲ್ಲ. ಮೌಸ್ ಎಳೆದು ಸುತ್ತ ನೋಡೋ ಕ್ವಿಕ್‌ಟೈಮ್ ವಿಆರ್ ಅದರಲ್ಲಿ ತಿರುಗಲ್ಲ. ಸಿಡಿಯ ಪ್ರೋಗ್ರಾಮೇ ಕ್ವಿಕ್‌ಟೈಮ್ ಕೇಳಿದ್ರೆ ಏನ್ಮಾಡ್ತೀರಿ? 16 ಬಿಟ್ ಇನ್‌ಸ್ಟಾಲರ್ ಆದ್ರಂತೂ 64 ಬಿಟ್ ವಿಂಡೋಸ್‌ನಲ್ಲಿ ಏಳೋದೇ ಇಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸೋ ವರ್ಚುಯಲ್‌ಬಾಕ್ಸ್‌ನಲ್ಲಿ 32 ಬಿಟ್ ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ‍್ಯಾಮ್, ಸಿಡಿಯ ಐಎಸ್‌ಒ (ಇಡೀ ಸಿಡಿಯ ನಕಲು ಫೈಲು) ಕೊಡಿ. ಸಿಡಿ ಜೊತೆ ಬಂದ ಕ್ವಿಕ್‌ಟೈಮನ್ನೇ ಅದರೊಳಗೆ ಹಾಕಿ. ನೆಟ್‌ವರ್ಕ್ ಅಡಾಪ್ಟರ್ ಆಫ್ ಇರಲಿ, ತೂತಿನ ಚಿಂತೆಯೂ ಅಲ್ಲಿಗೆ ಮುಗೀತು.

ಬೈಟ್‌ಬಸವ: ಅದು ಪ್ರೋಗ್ರಾಮಿನ ಮಾತು, ಒಪ್ಪಿದೆ. ಇಲ್ಲಿ ಕೇಳಿದ್ದು ಫೈಲು. ಮತ್ತೆ ದಯವಿಟ್ಟು ಕೋಡೆಕ್ ಪ್ಯಾಕ್ ಗುಡ್ಡೆ ಹಾಕಬೇಡಿ. ಹಳೇ 32 ಬಿಟ್ ಕೋಡೆಕ್ಕನ್ನ 64 ಬಿಟ್ ಪ್ಲೇಯರ್ ಲೋಡ್ ಮಾಡಲ್ಲ. ಇನ್‌ಸ್ಟಾಲ್ ಆಯ್ತು ಅನ್ನುತ್ತೆ, ಚಿತ್ರ ಮಾತ್ರ ಕಪ್ಪು.

ಸಿಡಿಪೆಟ್ಟಿಗೆ: ಎಸ್‌ವಿಕ್ಯೂ3 ಅಂತಲೇ ಬಂತು, ಓಡ್ತಿದೆ. ಫೋನಿಗೂ ಹಾಕ್ಬೇಕು.

ಫ್ರೇಮ್‌ಲೆಕ್ಕ: ವಿಡಿಯೊ ಪರಿವರ್ತಿಸೋ ಹ್ಯಾಂಡ್‌ಬ್ರೇಕ್‌ನಲ್ಲಿ ಎಚ್.264 ಕೋಡೆಕ್, ಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚೆನ್ನ) 16. ಫೈಲು ದೊಡ್ಡದಾಗುತ್ತೆ, ಆಗಲಿ. ಸೊರೆನ್ಸನ್‌ನ ಚೌಕಚೌಕ ಕಲೆಗಳ ಮೇಲೆ ಇನ್ನೊಂದು ಪದರ ಕಲೆ ಕೂರೋದು ಬೇಡ. ಸೈಜ್ ಹಿಗ್ಗಿಸಬೇಡಿ, ಆ ಕೆಲಸ ಪ್ಲೇಯರ್ ನೋಡ್ಕೊಳ್ಳುತ್ತೆ. ಫ್ರೇಮ್‌ರೇಟ್ ಮೂಲದಷ್ಟೇ ಇಡಿ, 15ನ್ನ 30 ಮಾಡಿದ್ರೆ ಅದೇ ಚಿತ್ರ ಎರಡೆರಡು ಸಲ, ಅಷ್ಟೇ. ಮೂಲ ಎಂಒವಿ ಅಳಿಸಬೇಡಿ.

ಸಿಡಿಪೆಟ್ಟಿಗೆ: ಒಂದು ಫೈಲು ಬರೀ 6 ಕೆಬಿ ಇದೆ. ಏನೂ ಓಡಲ್ಲ. ಕೆಟ್ಟಿದೆಯಾ?

ಹಳೇಮೌಸ್: ಬಹುಶಃ ರೆಫರೆನ್ಸ್ ಮೂವಿ ಮಾರಾಯ್ರೆ. ಅದರಲ್ಲಿ ವಿಡಿಯೊ ಇರಲ್ಲ, ಬೇರೆ ಫೈಲಿನ ವಿಳಾಸ ಇರುತ್ತೆ. ಸಿಡಿಯ ಉಳಿದ ಫೋಲ್ಡರ್‌ಗಳನ್ನ ಸೈಜ್ ಪ್ರಕಾರ ಜೋಡಿಸಿ ನೋಡಿ, ದೊಡ್ಡ ಫೈಲು ಅಲ್ಲೆಲ್ಲೋ ಕೂತಿರುತ್ತೆ. ಅದನ್ನೇ ನೇರ ವಿಎಲ್‌ಸಿಗೆ ಕೊಡಿ.