ಕಾಫಿ ಪುಡಿ ಪ್ಯಾಕೆಟ್‌ಗೆ ಡಾಟ್ ಮ್ಯಾಟ್ರಿಕ್ಸ್ ಥರ ಫಾಂಟು, ಕನ್ನಡದಲ್ಲಿ ಆಗುತ್ತಾ?

ಮೆಣಸಿನಬಳ್ಳಿ: ಚಿಕ್ಕಪ್ಪನ ಮಗಳು ಮಡಿಕೇರಿ ಹತ್ರ ತೋಟದ ರೋಬಸ್ಟಾ ಕಾಫಿನೇ ಹುರಿದು ಪುಡಿ ಮಾಡಿ ಹೋಮ್‌ಸ್ಟೇಗೆ ಬರೋರಿಗೆ ಮಾರ್ತಾಳೆ, ಲೇಬಲ್ ಮಾಡ್ಕೊಡು ಅಂದ್ಳು. ನಂಗೆ ಲಾರಿ ತೂಕ ಹಾಕೋ ವೇಬ್ರಿಡ್ಜಿನ ಹಳೇ ಚೀಟಿ ಲುಕ್ ಬೇಕು, ಪೇಪರ್ ಅಂಚಲ್ಲಿ ತೂತು, ಚುಕ್ಕಿ ಚುಕ್ಕಿ ಅಕ್ಷರ. ಇಂಗ್ಲಿಷ್‌ಗೆ ವಿಟಿ323 ಅನ್ನೋ ಫಾಂಟ್ ಹಾಕ್ದೆ, ಬಂತು. ಕನ್ನಡ ಟೈಪ್ ಮಾಡಿದ್ರೆ ಮಾಮೂಲಿ ಫಾಂಟಿಗೆ ಹಾರ್ಬಿಡುತ್ತೆ. ಏನ್ ಮಾಡ್ಲಿ?

ಅಕ್ಷರಪ್ರಿಯ: ವಿಟಿ323 ಪ್ರಿಂಟರ್ ಅಕ್ಷರನೇ ಅಲ್ಲ ಮಾರಾಯ್ರೆ, ಹಳೇ ಕಂಪ್ಯೂಟರ್ ಟರ್ಮಿನಲ್ ಸ್ಕ್ರೀನ್ ನೋಡಿ ಮಾಡಿದ್ದು. ಗೂಗಲ್ ಫಾಂಟ್ಸಲ್ಲಿ ಡೋಟೋ ಅಂತ ಚುಕ್ಕಿ ಫಾಂಟಿದೆ ನೋಡಿ, ಚೌಕ ಚುಕ್ಕಿನ ರೌಂಡ್ ಮಾಡ್ಬೋದು. ಆದ್ರೆ ಅದ್ರಲ್ಲೂ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ 5 ಚುಕ್ಕಿ ಅಗಲ 7 ಚುಕ್ಕಿ ಎತ್ತರದಲ್ಲಿ ಮುಗ್ದೋಗುತ್ತೆ, ನಮ್ದು ಹಾಗಾ, ಮೇಲೆ ತಲೆಕಟ್ಟು ಗುಣಿತ, ಕೆಳಗೆ ಒತ್ತು, 16 ಸಾಲಾದ್ರೂ ಬೇಕು. ಇರೋ ನಾಕು ಪದನ ಗ್ರಾಫ್ ಹಾಳೇಲಿ ನೀವೇ ಚುಕ್ಕಿ ಇಟ್ಟು ಬರೀರಿ. ನಿಮ್ ಅದೃಷ್ಟ ನೋಡಿ, ಕೊಡಗು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಯಾವ್ದಕ್ಕೂ ಒತ್ತಿಲ್ಲ! ಗೋಣಿಕೊಪ್ಪ, ಪೊನ್ನಂಪೇಟೆಯವ್ರಿಗೆ ಮಾತ್ರ ಕಷ್ಟ 😄 ನಿಮ್ ರೋಬಸ್ಟಾದಲ್ಲೂ ಒಂದು ಸಿಕ್ಕಾಕೊಂಡಿದೆ.

ತೂಕದಚೀಟಿ: ಫಾಂಟ್ ಯಾಕೆ, ನಿಜವಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಲ್ಲೇ ಹೊಡ್ಸಿ ಸ್ಕ್ಯಾನ್ ಮಾಡಿ. ನಾನು ವೇಬ್ರಿಡ್ಜಲ್ಲೇ ಕೂರೋದು, ನಮ್ದು 9 ಪಿನ್ನಿಂದು, ಪಿನ್ನು ರಿಬ್ಬನ್ ಮೇಲೆ ಕುಟ್ಟೋದ್ರಿಂದ ಕಾರ್ಬನ್ ಕಾಪಿನೂ ಒಂದೇ ಏಟಿಗೆ ಬರುತ್ತೆ, ಅದ್ಕೇ ಲೇಸರ್ ಬಂದ್ರೂ ಇದು ಹೋಗಿಲ್ಲ. ಕನ್ನಡನ ಚಿತ್ರದ ಥರ ಕಳ್ಸಿದ್ರೆ ನಿಧಾನಕ್ಕೆ ಗರಗರ ಅಂತ ಹೊಡಿಯುತ್ತೆ. ರಿಬ್ಬನ್ ಸ್ವಲ್ಪ ಹಳೇದಿರ್ಲಿ, ಹೊಸದಲ್ಲಿ ತೀರಾ ಕಪ್ಪಾಗಿ ಚುಕ್ಕಿ ಅಂಟ್ಕೊಳುತ್ತೆ, ಮಜಾ ಇರಲ್ಲ.

ಮಸಿಕೈ: ಪ್ರೆಸ್ಸಲ್ಲಿ ಕೆಲ್ಸ ಮಾಡಿದೋನು ಹೇಳ್ತೀನಿ ಕೇಳಿ, ಕಂದು ಕ್ರಾಫ್ಟ್ ಪೇಪರ್ ಮೇಲೆ ಮಸಿ ಹರಡುತ್ತೆ, ಚುಕ್ಕಿ ಮಧ್ಯ ಜಾಗ ಬಿಡ್ದಿದ್ರೆ ಎಲ್ಲ ಒಂದೇ ಗೆರೆ. ಡ ಕೆಳಗೆ ಒಂದು ಚುಕ್ಕಿ ಜಾಸ್ತಿ ಆದ್ರೆ ಢ, ರ ಹೊಟ್ಟೇಲಿ ಬಿದ್ರೆ ಠ, ಆಮೇಲೆ ಪ್ಯಾಕೆಟ್ ಮೇಲೆ ಕೊಢಗು ಅಂತ ಓದ್ಕೊಳಿ. ಹೆಸ್ರು, ಲಾಟ್ ನಂಬರು, ಹುರಿದ ತಾರೀಖು ದೊಡ್ಡದಾಗಿ ಚುಕ್ಕೀಲಿರ್ಲಿ. ತೂಕ, ಚಿಕೋರಿ ಎಷ್ಟು, ಆಹಾರ ಲೈಸೆನ್ಸಿನ ಎಫ್‌ಎಸ್‌ಎಸ್‌ಎಐ ನಂಬರು ಸಾದಾ ಫಾಂಟಲ್ಲೇ ಹಾಕಿ, ಅಲ್ಲಿ ಸ್ಟೈಲ್ ಬೇಡ. ಒಂದು ಪ್ಯಾಕೆಟ್ ಪ್ರೂಫ್ ತೆಗಿದೆ 500 ಹೊಡಿಸ್ಬೇಡಿ.

ಮೆಣಸಿನಬಳ್ಳಿ: ಕೊಢಗು 😂 ಸರಿ, "ಕೊಡಗು ಕಾಫಿ" ಅಷ್ಟೇ ಚುಕ್ಕೀಲಿ ಬರೀತೀನಿ, ರೋಬಸ್ಟಾ ಕೆಳಗೆ ಸಾದಾ ಅಕ್ಷರದಲ್ಲಿ. ಇನ್ನೊಂದು ಐಡಿಯಾ ಬಂತು, ದೊಡ್ಡಪ್ಪ ದಿನಾ ಮಳೆ ಅಳ್ದು ಡೈರೀಲಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೀತಾರಲ್ಲ, ಆ ವರ್ಷ ಕಾಫಿ ಹೂ ಅರಳಿಸೋ ಹೂ ಮಳೆ ಎಷ್ಟು ಬಿತ್ತು ಅಂತ ಡೋಟೋ ಅಂಕಿಲಿ ಪ್ಯಾಕೆಟ್ ಹಿಂದೆ ಹಾಕೋದು. ತೂಕದಚೀಟಿ ಅಣ್ಣ, ನಿಮ್ ವೇಬ್ರಿಡ್ಜ್ ಯಾವ ಕಡೆ? ಪೆನ್‌ಡ್ರೈವ್ ತಗೊಂಡು ಬರ್ಲಾ?

ತೂಕದಚೀಟಿ: ಕುಶಾಲನಗರ ಕಡೆ. ಮಧ್ಯಾಹ್ನ ಬನ್ನಿ, ಬೆಳಿಗ್ಗೆ ಲಾರಿ ಇರುತ್ತೆ. ಪುಡಿನೂ ತನ್ನಿ.