ಕೋಡೆಕ್ಸ್ ಸಭೆಗೆ ಬಡ ದೇಶಗಳ ಖರ್ಚು ಯಾರು ಕೊಡಬೇಕು?

ಮೆಣಸಿನಬಳ್ಳಿ:
ಆಹಾರಕ್ಕೆ ಜಗತ್ತಿನ ಮಾನದಂಡ ಬರೆಯುವುದು ಕೋಡೆಕ್ಸ್ ಆಯೋಗ. ಅದರ ಸಭೆಗಳಲ್ಲಿ ಬಡ ದೇಶಗಳೂ ಕೂತು ಮಾತಾಡಲಿ ಎಂದು 2003ರಲ್ಲಿ ಒಂದು ಟ್ರಸ್ಟ್ ಫಂಡ್ ಶುರುವಾಯಿತು. ದುಡ್ಡು ಹಾಕುವುದು ಹೆಚ್ಚಾಗಿ ಶ್ರೀಮಂತ ದೇಶಗಳು. ಅವರ ಉಪ್ಪು ತಿಂದು ಅವರಿಗೇ ಎದುರು ಮಾತಾಡಲು ಆಗುತ್ತದಾ?

ಲ್ಯಾಬ್ ಮೇಷ್ಟ್ರು:
ಶ್ರೀಮಂತರೆಲ್ಲ ಒಂದೇ ಕಡೆ ಇದ್ದರೆ ತಾನೆ? 2012ರ ಜುಲೈಯಲ್ಲಿ ರೋಮ್‌ನಲ್ಲಿ ರಾಕ್ಟೋಪಮೈನ್ ಬಗ್ಗೆ ಮತ ನಡೆಯಿತು. ಹಂದಿ, ದನಗಳಿಗೆ ಕೊಬ್ಬು ಇಳಿದು ಮಾಂಸ ಜಾಸ್ತಿಯಾಗಲಿ ಎಂದು ಮೇವಿಗೆ ಬೆರೆಸುವ ಔಷಧಿ ಅದು. ಮಾಂಸದಲ್ಲಿ ಇಷ್ಟು ಉಳಿದರೆ ಪರವಾಗಿಲ್ಲ ಎಂಬ ಮಿತಿ ಅಮೆರಿಕಕ್ಕೆ ಬೇಕಿತ್ತು, ಯುರೋಪ್ ಮತ್ತು ಚೀನಾಕ್ಕೆ ಬೇಡವಾಗಿತ್ತು. 69 ಪರ, 67 ವಿರೋಧ. ಎರಡೇ ಮತ!

ಮೆಣಸಿನಬಳ್ಳಿ:
ಮೇಷ್ಟ್ರೇ, ಇದು ನನ್ನ ಮಾತಿಗೇ ಸಾಕ್ಷಿ ಅಲ್ವಾ? ಅಷ್ಟು ಬಿಗಿಯಾದ ಮತದಲ್ಲಿ ಟಿಕೆಟ್ ತೆಗೆಸಿಕೊಟ್ಟವರ ಮುಲಾಜು ಇದ್ದೇ ಇರುತ್ತದೆ.

ಲ್ಯಾಬ್ ಮೇಷ್ಟ್ರು:
ಫಂಡ್ ನಡೆಸುವುದು ವಿಶ್ವ ಆರೋಗ್ಯ ಸಂಸ್ಥೆ. ದಾನಿ ದೇಶ ಟಿಕೆಟ್ ಕೈಗಿಡುವುದಿಲ್ಲ. ಊಟದ ಹೊತ್ತಿನ ಪಿಸುಮಾತು ಬೇರೆ ವಿಷಯ, ಅದನ್ನು ಯಾರೂ ತಡೆಯಲಾರರು.

ಬಿಸಿಲುಕುದುರೆ:
ಕೋಡೆಕ್ಸ್ ಮಾನದಂಡ ಕಡ್ಡಾಯವೇ ಅಲ್ಲ. ಯಾಕಿಷ್ಟು ತಲೆಬಿಸಿ?

ಲ್ಯಾಬ್ ಮೇಷ್ಟ್ರು:
1995ರಿಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಹಾರ ಸುರಕ್ಷತೆಯ ಜಗಳ ಬಂದರೆ ಅಳತೆಗೋಲು ಕೋಡೆಕ್ಸೇ. ಹೆಸರಿಗೆ ಐಚ್ಛಿಕ ಅಷ್ಟೇ.

ಚಳ್ಳಕೆರೆ ಶೇಂಗಾ:
ಸುಮ್ನೆ ಟಿಕೆಟ್ ಕೊಟ್ಟರೆ ಏನೂ ಆಗಲ್ಲ. ಶೇಂಗಾಕ್ಕೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಮುಂದೆ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಕೋಡೆಕ್ಸ್ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಇಂಥ ಅಂಕಿಯ ಮೇಲೆ ವಾದ ಮಾಡಬೇಕಾದರೆ 'ನಮ್ಮ ಹವೆಯಲ್ಲಿ ಕಷ್ಟ ಸ್ವಾಮಿ' ಎಂದರೆ ಯಾರೂ ಕೇಳುವುದಿಲ್ಲ. ಎಷ್ಟು ಮಾದರಿ ನೋಡಿದಿರಿ, ಎಷ್ಟರಲ್ಲಿ ಎಷ್ಟಿತ್ತು, ಆ ಲೆಕ್ಕ ಮುಂದಿಡಬೇಕು. ಲೆಕ್ಕ ಇಲ್ಲದವನು ರೋಮ್‌ಗೆ ಹೋಗಿ ಕಾಫಿ ಕುಡಿದು ಬರುತ್ತಾನೆ.

ಲ್ಯಾಬ್ ಮೇಷ್ಟ್ರು:
ಒಪ್ಪಿದೆ. ಅದಕ್ಕೇ 2016ರಲ್ಲಿ ಎರಡನೆಯ ಹಂತ ಬೇರೆ ರೀತಿ ಶುರುವಾಯಿತು. ಮೊದಲು ಹೆಚ್ಚಾಗಿ ಪ್ರಯಾಣದ ಖರ್ಚು ಕೊಡುತ್ತಿದ್ದರು. ಈಗ ದೇಶವೇ ಯೋಜನೆ ಬರೆದು ಕೇಳಬೇಕು, ತನ್ನ ಮನೆಯೊಳಗಿನ ಕೋಡೆಕ್ಸ್ ವ್ಯವಸ್ಥೆ ಗಟ್ಟಿ ಮಾಡಿಕೊಳ್ಳಬೇಕು. ಘಾನಾ, ಸೆನೆಗಲ್ ಮೊದಲ ಸುತ್ತಿನಲ್ಲೇ ಪಡೆದವು. ಆಮೇಲೆ ಭೂತಾನ್, ನೇಪಾಳ, ಭಾರತ ಸೇರಿ ಒಂದು ಗುಂಪು ಯೋಜನೆಯೂ ಬಂತು.

ಕೊಚ್ಚಿ ಕನ್ನಡಿಗ:
ಸಭೆಯನ್ನೇ ನಮ್ಮ ಮನೆಗೆ ಕರೆಯುವುದು ಇನ್ನೊಂದು ದಾರಿ. ಮಸಾಲೆ ಪದಾರ್ಥಗಳ ಸಮಿತಿಗೆ ಭಾರತವೇ ಆತಿಥೇಯ. ಮೊದಲ ಸಭೆ 2014ರಲ್ಲಿ ಇಲ್ಲೇ ಕೊಚ್ಚಿಯಲ್ಲಿ ಆಯಿತು. ಕಾಳುಮೆಣಸಿನ ಮಾನದಂಡ 2017ರಲ್ಲಿ ಪಾಸಾಯಿತು. ಆದರೆ ಆತಿಥ್ಯದ ಖರ್ಚು ಕರೆದವರದೇ. ಭೂತಾನ್‌ನಂಥ ದೇಶಕ್ಕೆ ಸುಲಭವಾ?

ಮೆಣಸಿನಬಳ್ಳಿ:
ಅದರಲ್ಲಿ ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗಬೇಕು ಎಂಬುದು, ಇದೆಯಾ? ನಮ್ಮ ಕಡೆ ವ್ಯಾಪಾರಿ ಮೊದಲು ಕೇಳುವುದೇ ಅದನ್ನು.

ಕೊಚ್ಚಿ ಕನ್ನಡಿಗ:
ಇದೆ ಅಣ್ಣ. ತೇವಾಂಶವೂ ಇದೆ.

ಮೆಣಸಿನಬಳ್ಳಿ:
ಹಾಗಾದರೆ ಮೆಣಸು ಒಣಗಿಸಿ ಗೊತ್ತಿದ್ದವರು ಯಾರೋ ಅಲ್ಲಿ ಕೂತಿದ್ದರು. ಫಂಡ್ ಮೇಲಿನ ನನ್ನ ಅನುಮಾನ ಮಾತ್ರ ಇನ್ನೂ ಇದೆ, ಮೇಷ್ಟ್ರೇ.