ಐರಿಷ್ ಹಾಡುಗಾರಿಕೆ ಎದುರು ಕೂತು ಕೇಳಿದವರು ಹೇಳಿ: ದೊಡ್ಡ ಹಾಲಾ, ಪಬ್ಬಾ?

ಮಳೆಬಿಲ್ಲು: ಜುಲೈ ಮೊದಲ ವಾರ ಬೆಂಗಳೂರಿಂದ ಅಮ್ಮ, 8 ವರ್ಷದ ಮಗಳ ಜೊತೆ ಐರ್ಲೆಂಡಿಗೆ ಹೊರಟಿದ್ದೀನಿ. ಅಲ್ಲಿನ ಹಾಡು ಅಲ್ಲೇ ಕೇಳಬೇಕು. ಡಬ್ಲಿನ್‌ನ ನ್ಯಾಷನಲ್ ಕನ್ಸರ್ಟ್ ಹಾಲ್‌ಗೆ ಟಿಕೆಟ್ ತಗೊಳ್ಳೋದಾ, ಹಳ್ಳಿ ಪಬ್‌ಗೆ ಹೋಗೋದಾ?

ಶ್ರುತಿಪ್ರಿಯ: ಹಾಲೇ, ಯೋಚನೆ ಬೇಡ. ಆದರೆ ವೇದಿಕೆ ಹಿಂದಿನ ಕಾಯರ್ ಬಾಲ್ಕನಿ ಅಗ್ಗ ಅಂತ ಬೀಳಬೇಡಿ. ವ್ಯಂಜನಗಳ ಚೂಪು ಸದ್ದೆಲ್ಲ ಹಾಡೋರ ಮುಂದಕ್ಕೇ ಹೋಗೋದು. ಹಿಂದೆ ಕೂತವರಿಗೆ ಸ್ವರ ಸಿಗುತ್ತೆ, ಮಾತು ಸಿಗಲ್ಲ. ಮೈಕ್ ಇದ್ದರೆ ಸ್ಪೀಕರ್‌ಗಳ ಮುಖವೂ ಆ ಕಡೆಗೇ. ಕೆಳಗೆ ನಡುಭಾಗ ಹಿಡೀರಿ. ಮೈಕಲ್ ಮೆಕ್‌ಗ್ಲಿನ್ 1987ರಲ್ಲಿ ಕಟ್ಟಿದ ಅನೂನಾ ವೃಂದ ಬಂದರೆ ಮಾತ್ರ ಓಡಾಡೋ ದಾರಿ ಪಕ್ಕದ ಕುರ್ಚಿ. ಅವರು ಪ್ರೇಕ್ಷಕರ ಮಧ್ಯೆ ನಡೀತಾ ಹಾಡ್ತಾರೆ, ಒಂದೊಂದೇ ಕಂಠ ಕಿವಿ ಪಕ್ಕ ಹಾದುಹೋಗುತ್ತೆ.
ದುಡ್ಡಿನ ವಿಷಯ: ಕಾರ್ಡಿಗೆ 3.5% ಮಾರ್ಕಪ್ (ವಿದೇಶಿ ದುಡ್ಡಲ್ಲಿ ಕೊಟ್ಟಾಗ ಬ್ಯಾಂಕ್ ಹಾಕೋ ಶುಲ್ಕ) ಇದ್ದರೆ ಅದರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಮೂರು ಟಿಕೆಟ್ಟಿಗೆ 150 ಯೂರೋ ಆದರೆ 6.20 ಯೂರೋ ಸುಮ್ಮನೆ ಹೋಯ್ತು. 'ರೂಪಾಯಲ್ಲೇ ಕೊಡ್ತೀರಾ' ಅಂತ ಪೇಜು ಕೇಳಿದರೆ ಬೇಡ ಅನ್ನಿ, ಆ ದರ ಇನ್ನೂ ಕೆಟ್ಟದಿರುತ್ತೆ.

ಕಾರ್ನಾ: ಹಾಲಲ್ಲಿ ಕೇಳೋದು ಐರಿಷ್ ಹಾಡಲ್ಲ ರೀ, ಲೈಟಿಂಗು. ಶಾನ್-ನೋಸ್, ಅಂದ್ರೆ ಹಳೇ ಶೈಲಿಯ ಐರಿಷ್ ಹಾಡು, ಕೇಳಬೇಕಂದ್ರೆ ಚಿಕ್ಕ ಕೋಣೆ ಬೇಕು: ಪಕ್ಕವಾದ್ಯ ಇಲ್ಲ, ತಾಳದ ಕಟ್ಟಿಲ್ಲ, ಕಣ್ಮುಚ್ಚಿದ ಒಂದು ಕಂಠ. ಪಕ್ಕದವರು ಹಾಡೋರ ಕೈ ಹಿಡಿದು ಸಾಲಿನ ಜೊತೆ ನಿಧಾನಕ್ಕೆ ತಿರುವುತ್ತಾ ಕೂರ್ತಾರೆ. ಕೊನೇ ಮಾತುಗಳನ್ನ ಹಾಡದೆ ಆಡುಮಾತಲ್ಲೇ ಹೇಳಿ ಮುಗಿಸೋದುಂಟು. ರಾಗ ನಿಂತಿತು ಅಂತ ಅವಸರಕ್ಕೆ ಚಪ್ಪಾಳೆ ಹೊಡೆದ್ರೆ ಅದೇ ಮುಳುಗಿಹೋಗುತ್ತೆ.
ಜುಲೈ ಮೊದಲ ವಾರ ಅಂದ್ರೆ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೇಯ ವಿಲ್ಲೀ ಕ್ಲಾನ್ಸಿ ಶಾಲೆ, ಸಾಂಪ್ರದಾಯಿಕ ಸಂಗೀತದ ಬೇಸಿಗೆ ಶಾಲೆ, 1973ರಿಂದ ನಡೀತಿದೆ. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿಂದ ಲಿಮರಿಕ್‌ನಲ್ಲಿ ರೈಲು ಬದಲಿಸಿ ಎನ್ನಿಸ್. ಅಲ್ಲಿಂದ ಸುಮಾರು 30 ಕಿ.ಮೀ. ರಾತ್ರಿ ಬಸ್ ನಂಬಬೇಡಿ. ಊರಲ್ಲಿ ರೂಮುಗಳೆಲ್ಲ ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿಹೋಗಿರುತ್ತೆ. ಸ್ಪ್ಯಾನಿಷ್ ಪಾಯಿಂಟ್ ಸಿಕ್ಕರೆ ನಡೆದೇ ಬರಬಹುದು, ಲಹಿಂಚ್ ಆದರೆ ಟ್ಯಾಕ್ಸಿ ಮೊದಲೇ ಗೊತ್ತು ಮಾಡಿ.

ಶ್ರುತಿಪ್ರಿಯ: ಲೈಟಿಂಗು ಅಂತೆ! ಪಬ್ ಸೆಷನ್ ಅಂದ್ರೆ ಮುಕ್ಕಾಲು ಪಾಲು ಪಿಟೀಲು, ಕೊಳಲು. ಯಾರಾದರೂ 'ಕ್ಯೂನಸ್' ಅಂತ ಕೂಗಿ ಸದ್ದಡಗಿಸಿದ ಮೇಲೆ ಒಂದು ಹಾಡು. ಅದನ್ನ ಯಾಕೆ ಹೇಳಲ್ಲ?

ಗಡಿಯಾಚೆ: ಇಬ್ಬರೂ ಆ ಮಗು ವಿಷಯ ಓದೇ ಇಲ್ಲ. ಅಲ್ಲಿ 18ರೊಳಗಿನವರು ಬಾರಲ್ಲಿ ರಾತ್ರಿ 9ರವರೆಗೆ ಮಾತ್ರ, ಮೇಯಿಂದ ಸೆಪ್ಟೆಂಬರ್‌ವರೆಗೆ 10. ಹಾಡು ಕಾವೇರೋ ಹೊತ್ತಿಗೆ ಎದ್ದು ಬರಬೇಕಾಗುತ್ತೆ. ವೀಸಾನೂ ಯಾರೂ ಎತ್ತಿಲ್ಲ. ಯುರೋಪಿನ ಹಲವು ದೇಶಕ್ಕೆ ಒಂದೇ ಆಗಿರೋ ಶೆಂಗೆನ್ ವೀಸಾ ಅಲ್ಲಿ ನಡೆಯಲ್ಲ. ಐರಿಷ್ ವೀಸಾ ಸಿಂಗಲ್ ಎಂಟ್ರಿ 60 ಯೂರೋ, ಮಲ್ಟಿಪಲ್ ಎಂಟ್ರಿ 100. ಮೂವರಿಗೆ 180 ಅಥವಾ 300. ಬೆಲ್‌ಫಾಸ್ಟ್ ಆಸೆ ಇದ್ದರೆ ಅದು ಯುಕೆ. ಗಡಿಯಲ್ಲಿ ಗೇಟಿಲ್ಲ ಅಂತ ಹಾಗೇ ದಾಟಬೇಡಿ, ವೀಸಾ ಮೇಲೆ 'ಬಿಐವಿಎಸ್' (ಎರಡೂ ಕಡೆ ನಡೆಯೋ ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅಂತ ಅಚ್ಚಾಗಿದೆಯಾ ನೋಡಿ.

ಕಾರ್ನಾ: ಮಗೂಗೆ ವಿಲ್ಲೀ ಕ್ಲಾನ್ಸಿ ಶಾಲೆಯ ಗಾಯನ ಕಛೇರಿ ಇದೆ. ಮುಗೀತಲ್ಲ?

ತಂಬೂರಿ: ಅಲ್ಲಿನ ಕೆಲವರು ನಮ್ಮ ಶ್ರುತಿಪೆಟ್ಟಿಗೆಯನ್ನೇ ಇಟ್ಟುಕೊಂಡು ಹಾಡ್ತಾರೆ. ನೋರೀನ್ ನೀ ರೀಯನ್ ಅವರದ್ದು ಕೇಳಿ. ಅಮ್ಮನಿಗೆ ಸಂಗೀತ ಗೊತ್ತಿದ್ದರೆ ಆಲಾಪನೆ ಥರಾನೇ ಹಿಡಿಸುತ್ತೆ.

ಕಾರ್ನಾ: ಶ್ರುತಿ ಹಿಡಿದರೆ ಅದು ಶಾನ್-ನೋಸ್ ಅಲ್ಲ. ಆಲಾಪನೆಯಲ್ಲಿ ಸಾಹಿತ್ಯವೇ ಇಲ್ಲ, ಇಲ್ಲಿ ಸಾಹಿತ್ಯವೇ ಯಜಮಾನ. ಗಮಕ ಹುಟ್ಟೋದೇ ಪದದ ಉಚ್ಚಾರದಿಂದ. ಐರ್ಲೆಂಡಿನ ಪಶ್ಚಿಮದ ಕನಮಾರಾದಲ್ಲಿ ಗಮಕ ದಟ್ಟ, ವಾಯುವ್ಯದ ಡೊನೆಗಾಲ್‌ನಲ್ಲಿ ತೆಳು. ಆಧಾರ ಶ್ರುತಿ ಒಂದೇ ಸಮ ಮೊಳಗ್ತಿದ್ದರೆ ಹಾಡೋರು ಸ್ವರವನ್ನ ಕೂದಲೆಳೆ ಏರಿಸೋ ಇಳಿಸೋ ಸ್ವಾತಂತ್ರ್ಯ ಹೋಗುತ್ತೆ.

ತಂಬೂರಿ: ಶ್ರುತಿ ಮೇಲೆ ನಿಂತೇ ಕೂದಲೆಳೆ ಗಮಕ ಹಾಡೋರನ್ನ ದಿನಾ ಕೇಳ್ತೀವಿ ಸ್ವಾಮಿ. ಸ್ವರ ಅಲುಗಿದ್ದು ಗೊತ್ತಾಗೋದೇ ಆಧಾರ ಇದ್ದಾಗ.

ಮಳೆಬಿಲ್ಲು: ಅಮ್ಮನಿಗೆ ಮಂಡಿನೋವು. ಸ್ಪ್ಯಾನಿಷ್ ಪಾಯಿಂಟ್‌ನಿಂದ ಎಷ್ಟು ದೂರ ನಡೀಬೇಕು?

ಗಡಿಯಾಚೆ: ಸುಮಾರು 3 ಕಿ.ಮೀ. ಬೇಡ, ಟ್ಯಾಕ್ಸೀನೇ ಹೇಳಿಡಿ.